ನೋಡಿದ್ದನ್ನು ಕೊಡು

ಮೇ ೪

ಅಕ್ಕ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸೋಮಾರಿತನವಲ್ಲ. ಬರೆಯಲು ಕೂತರೆ ಏನಂತ ಬರೆಯಲಿ, ಇವಳು ಚೆನ್ನಾಗಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ನಾನು ಯಾರೆಂದು ಮಾತ್ರ ಗೊತ್ತಿಲ್ಲ ಅಂತಲೇ? ಅಂಗಡಿಯಿಂದ ಫೋನ್ ಮಾಡಬಹುದಿತ್ತು. ಆದರೆ ನಾನು ಫೋನ್ ಎತ್ತಿದರೆ ಸಾಕು, ಮಾಲೀಕರು ಪಕ್ಕದಲ್ಲೇ ಕೂತು ಯಾವುದೋ ಕನ್ನಡಕದ ತಿರುಪು ಬಿಗಿ ಮಾಡಲು ಶುರುಮಾಡುತ್ತಾರೆ. ಕಣ್ಣು ತಿರುಪಿನ ಮೇಲೆ, ಕಿವಿ ನನ್ನ ಮೇಲೆ.

ಜನವರಿಯಲ್ಲಿ ಸ್ನಾನದ ಮನೆಯಲ್ಲಿ ಗ್ಯಾಸ್ ಹೀಟರಿನ ಕೆಟ್ಟ ಗಾಳಿ ಕುಡಿದು ಬಿದ್ದವಳನ್ನು ಎತ್ತಿಕೊಂಡು ಓಡಿದ್ದು, ಅವಳು ಬದುಕಿದ್ದು, ಇಷ್ಟು ನಿನಗೆ ಗೊತ್ತು. ಉಳಿದದ್ದನ್ನು ನಾನು ಹೇಳಿರಲಿಲ್ಲ. ಅವಳಿಗೆ ತನ್ನ ತವರು ನೆನಪಿದೆ. ತನ್ನ ಅಕ್ಕ ನೆನಪಿದ್ದಾರೆ. ರೈಲು ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದು ನೆನಪಿದೆ. ಅಲ್ಲಿಂದ ಈಚೆಗಿನದು, ಎಂದರೆ ನಾನು, ಮದುವೆ, ಈ ಮನೆ, ಮಗಳು, ಎಲ್ಲವೂ ಹೋಗಿದೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. 'ರೀ' ಎನ್ನುತ್ತಿದ್ದವಳು ಈಗ ನನ್ನನ್ನು 'ಸಾರ್' ಎನ್ನುತ್ತಾಳೆ.

ಆಸ್ಪತ್ರೆಯಿಂದ ಬಂದ ದಿನ ಗುಬ್ಬಿಯನ್ನು ನೋಡಿ, "ನೀನು ಯಾರ ಮನೆ ಹುಡುಗಿ ಕಣಮ್ಮಾ?" ಎಂದಳು. ಒಂಬತ್ತು ವರ್ಷದ ಮಗು. ಆಟವಿರಬೇಕೆಂದು ನನ್ನ ಮುಖ ನೋಡಿ ನಕ್ಕಿತು. ನಾನು ನಗಲಿಲ್ಲ. ಆಮೇಲೆ ಅದೂ ನಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇವಳ ಅಕ್ಕ, ನಮ್ಮ ಗುಬ್ಬಿಯ ದೊಡ್ಡಮ್ಮ, ಮಗುವನ್ನು ತಮ್ಮ ಊರಿಗೆ ಕರೆದುಕೊಂಡು ಹೋಗಿ ತಮ್ಮ ಮಗಳ ಜೊತೆ ಅಲ್ಲೇ ಶಾಲೆಗೆ ಹಾಕುತ್ತೇನೆ ಎನ್ನುತ್ತಿದ್ದಾರೆ. "ಹೆತ್ತವಳಿಗೇ ಗುರುತಿಲ್ಲದ ಮನೇಲಿ ಮಗು ಬಾಡಿಹೋಗುತ್ತೆ. ನೀವು ಹೂಂ ಅನ್ನಿ, ಮಿಕ್ಕಿದ್ದು ನನಗೆ ಬಿಡಿ" ಎಂದರು. ಕೆಟ್ಟ ಮಾತಲ್ಲ. ತಿಂಗಳ ಕೊನೆಯೊಳಗೆ ಹೇಳುತ್ತೇನೆ ಎಂದಿದ್ದೇನೆ. ಇವಳಿಗೆ ಗುಬ್ಬಿಯ ಗುರುತು ಎಳ್ಳಷ್ಟಿದ್ದರೂ ನಾನು ಕಳಿಸುವುದಿಲ್ಲ. ಇಲ್ಲವೆಂದಾದರೆ ಯಾವ ಬಾಯಲ್ಲಿ ಬೇಡ ಎನ್ನಲಿ?

ಡಾಕ್ಟರು 'ನೋಡೋಣ, ನೋಡೋಣ' ಎನ್ನುತ್ತಾರೆ. ನೋಡಿದ್ದು ನೆನಪಿರುತ್ತದಾ ಎಂದು ನೀನು ಕೋತಿಗಳಿಗೆ ಪರೀಕ್ಷೆ ಕೊಡುತ್ತೀಯಲ್ಲ. ಅದನ್ನು ನನಗೆ ಹೇಳಿಕೊಡು. ಕಣ್ಣು ಮಂಜಾದವರಿಗೆ ನಾನು ಗಾಜು ಉಜ್ಜಿ ಕೊಡುತ್ತೇನೆ. ಕಂಡವರು ಯಾರೆಂದೇ ತಿಳಿಯದವಳಿಗೆ ಯಾವ ಗಾಜು ಕೊಡಲಿ?

ನಿನ್ನ ತಮ್ಮ


ಮೇ ೧೧

ಪ್ರೀತಿಯ ಮೊದ್ದು,

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ತಿಂಗಳು ಕೂತೆಯಾ? ಬೈಯಬೇಕೆಂದುಕೊಂಡೆ, ಆಗಲಿಲ್ಲ.

ಮೊದಲು ಒಂದು ವಿಷಯ ತಿಳಿದುಕೋ. ನಾವು ಸುಮ್ಮನೆ 'ನೆನಪು' ಎನ್ನುವುದು ಒಂದೇ ಅಲ್ಲ. ರಸ್ತೆಯಲ್ಲಿ ಯಾರೋ ನಿನ್ನನ್ನು ನೋಡಿ ನಗುತ್ತಾರೆ. ಎಲ್ಲೋ ನೋಡಿದ ಮುಖ, ಆದರೆ ಯಾರೆಂದು ಹೊಳೆಯುವುದಿಲ್ಲ. ನೀನೂ ನಕ್ಕು ಮುಂದೆ ಹೋಗುತ್ತೀ. ಮನೆ ಮುಟ್ಟಿದ ಮೇಲೆ 'ಅಯ್ಯೋ, ರೈಲಿನಲ್ಲಿ ಎದುರಿಗೆ ಕೂತಿದ್ದವರಲ್ಲವಾ' ಎನ್ನಿಸುತ್ತದೆ. ಮೊದಲನೆಯದು ಗುರುತು, ಎರಡನೆಯದು ನೆನಪು. ಈ ಎರಡನ್ನೂ ಮೆದುಳಿನ ಒಂದೇ ಜಾಗ ಮಾಡುತ್ತದೆಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಆ ಜಾಗದ ಹೆಸರು ಹಿಪ್ಪೊಕ್ಯಾಂಪಸ್. ಎರಡೂ ಕಿವಿಗಳ ನೇರಕ್ಕೆ, ಒಳಗೆ ಆಳದಲ್ಲಿದೆ. ಆಮೇಲೆ ತಿಳಿಯಿತು, ನೋಡಿದ ವಸ್ತುವಿನ ಗುರುತು ಹಿಡಿಯುವುದು ಮುಖ್ಯವಾಗಿ ಅದರ ಪಕ್ಕಕ್ಕೆ, ಸ್ವಲ್ಪ ಕೆಳಗೆ ಅಂಟಿಕೊಂಡಿರುವ ಒಂದು ತೆಳು ಪದರದ ಕೆಲಸ. ಕಣ್ಣು ಕಂಡದ್ದು ತಲೆಯ ಹಿಂಭಾಗದಿಂದ ಮುಂದೆ ಸಾಗಿ ಬಂದು, ಬಣ್ಣ, ಆಕಾರ ಎಲ್ಲ ಕೂಡಿ ಅಲ್ಲಿ 'ಇದು ಇಂಥದ್ದು' ಎಂದಾಗುತ್ತದೆ. ಗಾಳಿ ಸಿಗದಿದ್ದಾಗ ಎಲ್ಲಕ್ಕಿಂತ ಬೇಗ ಸಾಯುವುದು ಹಿಪ್ಪೊಕ್ಯಾಂಪಸ್. ಪಕ್ಕದ ಪದರ ಒಮ್ಮೊಮ್ಮೆ ಉಳಿಯುತ್ತದೆ. ಉಳಿದಿದೆಯೋ ಇಲ್ಲವೋ ಇಲ್ಲಿ ಕೂತು ಹೇಳಲಾರೆ.

ನಮ್ಮ ಪರೀಕ್ಷೆ ಹೀಗಿದೆ. ಕೋತಿಯ ಮುಂದೆ ಒಂದು ತಟ್ಟೆ, ನಡುವೆ ಪರದೆ. ಪರದೆ ಎತ್ತಿ ಒಂದು ವಸ್ತು ತೋರಿಸುತ್ತೇವೆ, ಬೀಗವೋ ಡಬ್ಬದ ಮುಚ್ಚಳವೋ. ಪರದೆ ಇಳಿಸಿ ಸ್ವಲ್ಪ ಹೊತ್ತು ಕಾಯುತ್ತೇವೆ. ಆಮೇಲೆ ಆ ಹಳೆಯದನ್ನೂ ಒಂದು ಹೊಸದನ್ನೂ ಜೊತೆಯಲ್ಲಿ ಇಡುತ್ತೇವೆ. ಕೋತಿ ಹೊಸದನ್ನು ಎತ್ತಬೇಕು, ಎತ್ತಿದರೆ ಕೆಳಗೆ ಒಣದ್ರಾಕ್ಷಿ ಇರುತ್ತದೆ. ಕೋತಿಗೆ ಹೊಸದರ ಮೇಲೇ ಕಣ್ಣು, ಅದಕ್ಕೇ ಈ ನಿಯಮ. ಮನುಷ್ಯರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಆದ್ದರಿಂದ ನೀನು ಸೀದಾ 'ನೋಡಿದ್ದನ್ನು ಕೊಡು' ಎಂದು ಕೇಳು. ಮನೆಯ ಸಣ್ಣಪುಟ್ಟ ಸಾಮಾನು ಸಾಕು. ಹತ್ತು ಸಲ ಮಾಡು. ಪ್ರತಿ ಸಲ ಬೇರೆ ಜೋಡಿ ಇರಲಿ.

ಏನಾಯಿತೆಂದು ಹಾಗೇ ಬರಿ. ನನಗೆ ಸಮಾಧಾನವಾಗಲಿ ಎಂದು ಒಂದೂ ಸೇರಿಸಬೇಡ, ಬಿಡಬೇಡ. ಅಲ್ಲಿಯತನಕ ಗುಬ್ಬಿಯ ಬಗ್ಗೆ ಏನೂ ನಿರ್ಧಾರ ಮಾಡಬೇಡ.

ಅಕ್ಕ


ಮೇ ೨೦

ಅಕ್ಕ,

ಹಾಗೇ ಬರೆಯುತ್ತೇನೆ.

ಅಡುಗೆಮನೆಯ ಮೇಜಿನ ಮೇಲೆ ಟವೆಲ್ಲನ್ನೇ ಪರದೆ ಮಾಡಿಕೊಂಡೆ. ಟಾರ್ಚು, ಬೀಗ, ಚಮಚ, ಅಂಗಡಿಯಿಂದ ತಂದ ಹಳೆ ಫ್ರೇಮು, ಹೀಗೆ ಸಾಮಾನು ಇಟ್ಟೆ. ಅವಳು ಬಹಳ ಮರ್ಯಾದೆಯಿಂದ ಕೂತಳು, ಸಂದರ್ಶನಕ್ಕೆ ಬಂದವಳ ಹಾಗೆ. "ನೋಡಿದ್ದನ್ನ ಕೊಡು" ಎಂದು ಮೊದಲೇ ಹೇಳಿ, ಟಾರ್ಚು ತೋರಿಸಿ, ಮುಚ್ಚಿ, ಅದೂ ಇದೂ ಮಾತಾಡಿ, ಆಮೇಲೆ ಟಾರ್ಚನ್ನೂ ಚಮಚವನ್ನೂ ಇಟ್ಟು ಕೈ ಚಾಚಿದೆ. ಚಮಚ ಕೊಟ್ಟಳು. ಎರಡನೇ ಸಲ ತಪ್ಪು. ಮೂರನೆಯದೂ ತಪ್ಪು. ಪ್ರತಿ ಸಲ ನಿಯಮ ಹೇಳುತ್ತಾ ಹೋದರೆ ಅವಳು ಗಾಬರಿಯಾಗುತ್ತಾಳೆಂದು ಆಮೇಲಾಮೇಲೆ ಅದನ್ನೂ ಬಿಟ್ಟು ಸುಮ್ಮನೆ ಜೋಡಿ ಇಟ್ಟು ಕೈ ಚಾಚಿದೆ. ಹತ್ತು ಸಲ, ಅಕ್ಕ, ಹತ್ತಕ್ಕೆ ಹತ್ತೂ ತಪ್ಪು. ಒಂದೇ ಒಂದಾದರೂ ಅಪ್ಪಿತಪ್ಪಿ ಸರಿಯಾಗಬಾರದಿತ್ತೇ?

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನೀನು ಹೇಳದಿದ್ದರೂ ಫೋಟೊ ಇಟ್ಟೆ. ದಿನವೂ ನೋಡುವ ಮುಖಗಳಲ್ಲವೇ, ಮೊದಲು ತೋರಿಸುವುದೇನು ಎಂದು ನೇರವಾಗಿ ಜೋಡಿ ಇಟ್ಟುಬಿಟ್ಟೆ. ನನ್ನದೊಂದು, ಪತ್ರಿಕೆಯಿಂದ ಕತ್ತರಿಸಿದ ಯಾವನೋ ಮೀಸೆಯವನದೊಂದು. ಮೀಸೆಯವನನ್ನು ಕೊಟ್ಟಳು. ಆಮೇಲೆ ಗುಬ್ಬಿಯ ಶಾಲೆಯ ಫೋಟೊ, ಪಕ್ಕಕ್ಕೆ ನಮ್ಮ ಅಂಗಡಿಯ ಜಾಹೀರಾತಿನ ಹುಡುಗಿ. ಜಾಹೀರಾತಿನ ಹುಡುಗಿಯನ್ನು ಕೊಟ್ಟಳು. ಏನೋ ಅಂದಳು ಕೂಡ. ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಗುಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಕರೆಯುವಷ್ಟರಲ್ಲಿ ಒಳಗೆ ಹೋಗಿ ತನ್ನ ಪುಸ್ತಕಗಳನ್ನು ತಾನೇ ಟ್ರಂಕಿಗೆ ಹಾಕಲು ಶುರುಮಾಡಿದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಭಾನುವಾರ ದೊಡ್ಡಮ್ಮನ ಜೊತೆ ಕಳಿಸುತ್ತಿದ್ದೇನೆ.

ಇನ್ನೊಂದು ಮಾತು. ನಿನ್ನ ಪರೀಕ್ಷೆಯ ವಿಷಯವನ್ನು ಡಾಕ್ಟರಿಗೆ ಹೇಳಿದಾಗ ಅವರು, "ಯಾವ ಜಾಗ ಏನು ಮಾಡುತ್ತೆ ಅಂತ ಹೇಗೆ ಗೊತ್ತಾಯ್ತು ಅಂದ್ಕೊಂಡಿದ್ದೀರಿ? ಆ ಜಾಗ ಕೊಯ್ದು ನೋಡ್ತಾರೆ" ಎಂದರು. ನಮ್ಮಕ್ಕ ಕೋತಿಗಳಿಗೆ ಪಾಠ ಹೇಳಿಕೊಡುತ್ತಾಳೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದವನು. ಕೊಯ್ಯುವುದು ನಿಜವೇ?

ತಮ್ಮ


(ತಂತಿ) ಮೇ ೨೬

ಎಲ್ಲ ತಪ್ಪೆಂದರೆ ಎಲ್ಲ ಸರಿ. ಮಗುವನ್ನು ಕಳಿಸಬೇಡ. ಪತ್ರ ಬರುತ್ತಿದೆ. ಅಕ್ಕ.


ಮೇ ೨೬

ಮೊದ್ದು,

ತಂತಿ ಮುಟ್ಟಿರಬೇಕು. "ತಪ್ಪು ಅಂದ್ರೆ ಸರಿನಾ? ಸರಿಯಾಗಿ ಬರೆದಿದ್ದೀರಾ ಮೇಡಂ?" ಎಂದು ತಂತಿ ಕಚೇರಿಯವರು ನನ್ನನ್ನು ಎರಡೆರಡು ಸಲ ಕೇಳಿದರು.

ನಿನ್ನ ಕಾಗದ ನೋಡಿ ನಾನೂ ಮೊದಲು ಅಳುತ್ತಾ ಕೂತೆ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದೆ. ಕೋತಿ ಹಳೆಯದನ್ನು ಬಿಟ್ಟು ಹೊಸದನ್ನು ಎತ್ತಿತು. ನಾನು 'ಸರಿ' ಎಂದು ಬರೆದುಕೊಂಡೆ. ಬರೆದ ಮೇಲೆ ಕೈ ನಿಂತುಹೋಯಿತು.

ಯೋಚನೆ ಮಾಡು. ಕಣ್ಣು ಮುಚ್ಚಿಕೊಂಡು ಕೊಟ್ಟರೂ ಹತ್ತರಲ್ಲಿ ನಾಲ್ಕೋ ಐದೋ ಸರಿಯಾಗುತ್ತವೆ. ಏನೂ ಗುರುತಿಲ್ಲದವಳಿಗೆ ಹತ್ತಕ್ಕೆ ಹತ್ತೂ ತಪ್ಪು ಮಾಡುವುದಕ್ಕೆ ಆಗುವುದಿಲ್ಲ. ಯಾವುದು ನೋಡಿದ್ದು ಎಂದು ಪ್ರತಿ ಸಲವೂ ಗೊತ್ತಿದ್ದರೆ ಮಾತ್ರ ಪ್ರತಿ ಸಲವೂ ಅದನ್ನು ಬಿಟ್ಟು ಇನ್ನೊಂದನ್ನು ಕೊಡಲು ಸಾಧ್ಯ. ನೀನು ಹೇಳಿದ ನಿಯಮ ಅವಳ ನೆನಪಿನಲ್ಲಿ ನಿಂತಿಲ್ಲ, ಅಷ್ಟೆ. ಬೇರೆ ಯಾವುದೋ ನಿಯಮ ಹಿಡಿದು ಹೊಸದನ್ನು ಕೊಡುತ್ತಿದ್ದಾಳೆ. ಯಾಕೆಂದು ನನಗೂ ಗೊತ್ತಿಲ್ಲ. ಬಾಯಿತಪ್ಪಿ ನೀನೇ 'ಹೊಸದನ್ನು ಕೊಡು' ಎಂದೆಯಾ? ಕೊಡುವಾಗ ಅವಳು ಏನಂದಳು? ಅದನ್ನು ನೀನು ಬಿಟ್ಟಿದ್ದೀ. ಬರಿ.

ನೀನಾಗಿ ಇಟ್ಟ ಫೋಟೊಗಳೇ ಮುಖ್ಯವಾದವು. ಗುಬ್ಬಿಯ ಮುಖ ಅವಳಿಗೆ ಹಳೆಯದು. ಒಂಬತ್ತು ವರ್ಷದಿಂದ ಉಳಿದುಬಂದ ಗುರುತೋ, ಈ ನಾಲ್ಕು ತಿಂಗಳಲ್ಲಿ ಹೊಸದಾಗಿ ಕೂತದ್ದೋ, ಅದನ್ನು ನಾನು ಹೇಳಲಾರೆ, ಹೇಳಿದರೆ ಸುಳ್ಳಾಗುತ್ತದೆ. ಮಗಳೆಂಬ ನೆನಪು ವಾಪಸ್ಸು ಬರುತ್ತದೆ ಎಂದೂ ಹೇಳುತ್ತಿಲ್ಲ. ಅದು ಬಾರದೇ ಹೋಗಬಹುದು.

ಇನ್ನು ನಿನ್ನ ಪ್ರಶ್ನೆ. ನಿಜ. ಕೊಯ್ಯುತ್ತೇವೆ. ಔಷಧಿ ಕೊಟ್ಟು ಮಲಗಿಸಿ, ಆಸ್ಪತ್ರೆಯಲ್ಲಿ ಮಾಡುವ ಹಾಗೆಯೇ. ನಾನು ಕತ್ತರಿ ಹಿಡಿಯುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ. ಹಿಪ್ಪೊಕ್ಯಾಂಪಸ್ ಒಂದನ್ನೇ ತೆಗೆದ ಕೋತಿ ನೋಡಿದ ಬೀಗವನ್ನು ಬಹುಮಟ್ಟಿಗೆ ಗುರುತಿಸುತ್ತದೆ. ಪಕ್ಕದ ಪದರ ಹೋದ ಕೋತಿಗೆ ತುಸು ಹೊತ್ತು ಕಳೆದರೆ ಸಾಕು, ಎಲ್ಲ ಬೀಗವೂ ಹೊಸ ಬೀಗ. ಹಿಂದೆ ಒಳಗಿನದನ್ನು ತೆಗೆಯಲು ಹೋಗುವಾಗ ದಾರಿಯಲ್ಲಿದ್ದ ಈ ಪದರಕ್ಕೂ ಗಾಯವಾಗುತ್ತಿತ್ತು, ಅದಕ್ಕೇ ಅಷ್ಟು ಕಾಲ ತಪ್ಪು ತಿಳಿದಿದ್ದರು. ನಿನಗೆ ಈಗ ಬರೆದದ್ದೆಲ್ಲ ಹಾಗೆ ತಿಳಿದದ್ದು. ಕಣ್ಣು ಬಿಟ್ಟಾಗ ಅವು ನನ್ನ ಮುಖ ನೋಡುತ್ತವೆ. ಆಗ ನನಗೆ ಭಯವಾಗುತ್ತದೆ. ಇಷ್ಟು ವರ್ಷದಲ್ಲಿ ಆ ಭಯ ಕಡಿಮೆಯಾಗಿಲ್ಲ.

ಅಕ್ಕ


ಜೂನ್ ೪

ಅಕ್ಕ,

ನಿನ್ನ ತಂತಿ ಬರುವ ಹೊತ್ತಿಗೆ ಗುಬ್ಬಿ ಹೋಗಿಯಾಗಿತ್ತು. ಮೂರು ಸಲ ಓದಿದೆ. ಗಾಯದ ಮೇಲೆ ಬರೆ ಎಳೆಯುತ್ತಿದ್ದೀಯೆಂದುಕೊಂಡೆ. ಆಮೇಲೆ ಕಾಗದ ಬಂತು.

ಲೆಕ್ಕ ನಿನ್ನದು ಸರಿ ಇರಬಹುದು. ನನಗೆ ಹತ್ತರವರೆಗೆ ಎಣಿಸಲು ಬರುತ್ತದೆ, 'ನೋಡಿದ್ದನ್ನು' ಎನ್ನಲೂ ಬರುತ್ತದೆ, ಬಾಯಿತಪ್ಪಲಿಲ್ಲ. ಅವಳು ಏನಂದಳೆಂದು ಕೇಳಿದ್ದೀ. ಗುಬ್ಬಿಯ ಫೋಟೊವನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿ "ಇದು ಇರಲಿ" ಎಂದಳು. ಇನ್ನೊಂದನ್ನು ನನ್ನ ಕೈಗಿಟ್ಟಳು. ಬೇಡದ ಊಟಕ್ಕೆ 'ಇರಲಿ, ಸಾಕು' ಎನ್ನುವುದಿಲ್ಲವೇ, ನನಗೆ ಹಾಗೆ ಕೇಳಿಸಿತು. ಮಗಳಿಗೂ ಹಾಗೇ ಕೇಳಿಸಿತು. ಇದಕ್ಕೆ ನಿಮ್ಮ ಪ್ರಯೋಗಾಲಯದಲ್ಲಿ ಏನು ಬರೆದುಕೊಳ್ಳುತ್ತೀರಿ?

ಇನ್ನೊಂದನ್ನು ಕೇಳದೆ ಇರಲಾರೆ. ಆ ಹೀಟರ್ ನನ್ನ ಹೆಂಡತಿಗೆ ಮಾಡಿದ್ದನ್ನು ನೀವು ಬೇಕೆಂದೇ, ಅಳತೆ ಮಾಡಿ ಮಾಡುತ್ತೀರಿ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಾಗ ನನಗಾದದ್ದು ನಿನಗೆ ಪ್ರತಿ ಸಲವೂ ಆಗುತ್ತದೆ, ಆದರೂ ಮಾರನೆಯ ದಿನ ಹೋಗುತ್ತೀ. ಹೇಗಕ್ಕ?

ಸ್ವಲ್ಪ ದಿನ ಬರೆಯಬೇಡ.


ಜೂನ್ ೧೮

ಮೊದ್ದು,

ಬರೆಯಬೇಡ ಎಂದಿದ್ದೀ. ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ಹೇಗೆ ಹೋಗುತ್ತೀ ಎಂದು ಕೇಳಿದ್ದೀ. ನನ್ನಲ್ಲಿದ್ದ ಉತ್ತರಗಳೆಲ್ಲ ಬೇರೆಯವರ ಮನೆಯ ರೋಗಿಗಳಿಗೆ ಆಗುತ್ತಿದ್ದವು. ಬೈಯಿ, ಎಷ್ಟು ಬೇಕಾದರೂ ಬೈಯಿ, ನಾನು ಹಿರಿಯಳು, ತಡೆದುಕೊಳ್ಳುತ್ತೇನೆ.

"ಇದು ಇರಲಿ" ಎಂದರೆ ಏನೆಂದು ನನಗೂ ಗೊತ್ತಿಲ್ಲ. ಊಹೆ ಮಾಡಿ ನಿನ್ನನ್ನು ಸಮಾಧಾನಪಡಿಸುವುದಿಲ್ಲ. ಗೊತ್ತಿರುವುದು ಒಂದೇ, ಅದು ನನ್ನನ್ನು ಮಲಗಲು ಬಿಡುತ್ತಿಲ್ಲ. ಗುರುತು ಕಲ್ಲಲ್ಲಿ ಕೆತ್ತಿದ್ದಲ್ಲ. ನೋಡಿ ನೋಡಿ ಕೂರುತ್ತದೆ, ನೋಡದೆ ಇದ್ದರೆ ಸವೆಯುತ್ತದೆ. ಪರದೆ ಇಳಿಸಿದ ಹೊತ್ತು ಹೆಚ್ಚಿದಷ್ಟೂ ತಪ್ಪು ಹೆಚ್ಚು. ಗಟ್ಟಿಮುಟ್ಟಾದ ಕೋತಿಗೂ ಅಷ್ಟೆ, ನನಗೂ ನಿನಗೂ ಅಷ್ಟೆ. ನಮಗಾದರೆ 'ಮಗಳು' ಎಂಬ ನೆನಪು ಆಸರೆಗಿದೆ. ಅವಳಿಗೆ ಆ ಆಸರೆ ಇಲ್ಲ. ಬರೀ ಮುಖ ಇದೆ. ಗುಬ್ಬಿ ಅಲ್ಲಿ ಕಳೆಯುವ ಒಂದೊಂದು ವಾರವೂ ನಿನ್ನ ಮನೆಯಲ್ಲಿ ಪರದೆ ಇಳಿದಿರುವ ವಾರ.

ದೊಡ್ಡಮ್ಮ ಒಳ್ಳೆಯವರೇ. ಆದರೂ ಕರೆದುಕೊಂಡು ಬಾ. ತಡವಾದರೆ ನಿನ್ನ ಹೆಂಡತಿ ತನ್ನ ಮಗಳನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾಳೆ, ಮತ್ತು ಈ ಸಲ ಹೀಟರನ್ನು ದೂರಲು ಆಗುವುದಿಲ್ಲ.

ಅಕ್ಕ


ಜುಲೈ ೨

ಅಕ್ಕ,

ನಿನ್ನ ಕಾಗದ ಬಂದ ದಿನ ಸಿಟ್ಟಿನಲ್ಲಿ ಅದನ್ನು ಒಡೆಯದೆ ಜೇಬಿಗೆ ಹಾಕಿಕೊಂಡು ರೈಲು ನಿಲ್ದಾಣದ ಇವಳ ಕಚೇರಿಗೆ ಹೋದೆ. ರಜೆಯ ಅರ್ಜಿಗೆ ಸಹಿ ಬೇಕಿತ್ತು. ಇವಳ ಮೇಲಧಿಕಾರಿ, ತಲೆ ಪೂರ್ತಿ ಬೆಳ್ಳಗಾದ ಹೆಂಗಸು, "ಕೂತ್ಕೊಳ್ಳಿ, ಈ ರಾಶಿ ಮುಗಿಸಿ ಬಂದೆ" ಎಂದರು. ಉದ್ದನೆಯ ಮೇಜು, ಅದರ ತುಂಬ ಕೊಡೆ, ಕೈಚೀಲ, ಒಂಟಿ ಕೈಗವಸು, ಮಕ್ಕಳ ಬಾಟಲಿ. ಹಿಂದೆ ಸೂರಿನ ತನಕ ಕಪಾಟು. ಹಿಂದಿನ ದಿನ ಹುಡುಕಿಕೊಂಡು ಬಂದವರಿಗೆ ತೋರಿಸಲು ಕಪಾಟಿನಿಂದ ಕೆಳಗಿಳಿಸಿದ ಹಳೆಯ ಸಾಮಾನೂ ಆ ಬೆಳಿಗ್ಗೆ ರೈಲುಗಳಲ್ಲಿ ಸಿಕ್ಕಿದ್ದೂ ಮೇಜಿನ ಮೇಲೆ ಬೆರೆತುಹೋಗಿರುತ್ತವಂತೆ. ಅವರು ಒಂದೊಂದನ್ನೇ ನೋಡುತ್ತಾ ಹೊಸದನ್ನು ಎತ್ತಿ ಎದುರಿಗೆ ಚೀಟಿ ಕಟ್ಟುವವನ ಕೈಗೆ ಕೊಡುತ್ತಿದ್ದರು. ಮೊದಲೇ ತಮ್ಮಲ್ಲಿದ್ದದ್ದು ಬಂದರೆ ಬೆರಳಲ್ಲಿ ಹಿಂದಕ್ಕೆ ತಳ್ಳಿ "ಇದು ಇರಲಿ" ಎನ್ನುತ್ತಿದ್ದರು.

ಕೊಡೆ, ಇದು ಇರಲಿ. ಟೋಪಿ, ಇದು ಇರಲಿ.

ನಾನು ಎದ್ದು ನಿಂತೆನಂತೆ. ಅವರು ಗಾಬರಿಯಾಗಿ "ಯಾಕೆ, ಏನಾಯ್ತು?" ಎಂದರು. "ಇದು ಇರಲಿ ಅಂದ್ರೆ ಏನು ಮೇಡಂ?" ಎಂದು ಕೇಳಿದೆ. "ಅಂದ್ರೆ ನಮ್ಮದೇ, ಒಳಗಿಂದೇ. ಚೀಟಿ ಬೇಡ. ನಿಮ್ಮ ಮನೆಯವರಿಗೆ ಈ ಅಭ್ಯಾಸ ಕಲಿಸಿದ್ದೇ ನಾನು" ಎಂದರು. ಅಷ್ಟು ಜನರ ಎದುರಿಗೆ ನಾನು ಅತ್ತುಬಿಟ್ಟೆ. ಚೀಟಿ ಕಟ್ಟುವವನು ನನಗೆ ಕುಡಿಯಲು ನೀರು ತಂದುಕೊಟ್ಟ.

ಅಲ್ಲೇ ಬೆಂಚಿನ ಮೇಲೆ ನಿನ್ನ ಕಾಗದ ಒಡೆದೆ. ಪಕ್ಕದ ಮನೆಯವರಿಗೆ ಇವಳನ್ನು ನೋಡಿಕೊಳ್ಳಿ ಎಂದು ಹೇಳಿ ಆ ಸಂಜೆಯೇ ರೈಲು ಹತ್ತಿದೆ.

ದೊಡ್ಡಮ್ಮ ಸುಲಭಕ್ಕೆ ಒಪ್ಪಲಿಲ್ಲ. "ಮಗು ಈಗಷ್ಟೇ ಹೊಂದಿಕೊಳ್ತಿದೆ. ನಿಮಗೇನು, ಕೊಡೋದು ತಗೊಳ್ಳೋದು ಆಟ ಆಗಿದೆಯಾ?" ಎಂದರು. ಸರಿಯಾದ ಮಾತೇ. ಕೊನೆಗೆ "ನಾನೂ ಬರ್ತೀನಿ, ಕಣ್ಣಾರೆ ನೋಡ್ತೀನಿ, ಸರಿ ಕಾಣದಿದ್ರೆ ವಾಪಸ್ ಕರ್ಕೊಂಡು ಬರ್ತೀನಿ" ಎಂದು ತಮ್ಮ ಮಗಳನ್ನೂ ಹೊರಡಿಸಿದರು. ಆ ಹುಡುಗಿಗೂ ಗುಬ್ಬಿಯದೇ ವಯಸ್ಸು, ಎತ್ತರವೂ ಅಷ್ಟೇ. ಇವಳು ಅದನ್ನು ತೊಟ್ಟಿಲಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ನೋಡಿಲ್ಲ.

ಗುಬ್ಬಿಗೆ ರೈಲಿನಲ್ಲಿ ಎಲ್ಲ ಹೇಳಿದೆ. ಅಮ್ಮ ನಿನ್ನ ಫೋಟೊ ತಳ್ಳಿದ್ದು ಬೇಡವೆಂದಲ್ಲ, ನಮ್ಮದೇ ಎಂದು. ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. "ಸುಮ್ನೆ ಹೇಳ್ತಿದ್ದೀಯ" ಎಂದಳು.

ಅಕ್ಕ, ಐದು ವಾರವಾಗಿತ್ತು. ಸವೆದೇ ಹೋಗಿದ್ದರೆ? ನಮ್ಮ ಬೀದಿಗೆ ತಿರುಗಿದೆವು. ಬಾಗಿಲು ತೆರೆದೇ ಇತ್ತು, ಗಾಳಿ ಜೋರಾಗಿತ್ತು. ಇವಳು ಒಳಗೆ ಮೇಜಿನ ಹತ್ತಿರ ಬಟ್ಟೆ ಮಡಚುತ್ತಿದ್ದಳು. ಹುಡುಗಿಯರಿಬ್ಬರೂ ಒಟ್ಟಿಗೆ ಹೊಸಿಲು ದಾಟಿ ನಿಂತರು, ಗುಬ್ಬಿಯ ಕೈ ಹಿಡಿದು ನಾನೂ. ನಾನು ಏನೂ ಹೇಳಲಿಲ್ಲ. ದೊಡ್ಡಮ್ಮನಿಗೂ ಮಾತಾಡಬೇಡಿ ಎಂದು ಮೊದಲೇ ಬೇಡಿಕೊಂಡಿದ್ದೆ. ಅವರು ಟ್ರಂಕಿನ ಜೊತೆ ಮೆಟ್ಟಿಲ ಹತ್ತಿರವೇ ಉಳಿದರು.

ಇವಳು ತಲೆ ಎತ್ತಿ ಇಬ್ಬರನ್ನೂ ನೋಡಿದಳು. ದೊಡ್ಡಮ್ಮನ ಮಗಳ ಹತ್ತಿರ ಬಂದು, ಬಗ್ಗಿ, ಬಹಳ ಪ್ರೀತಿಯಿಂದ, "ನೀನು ಯಾರ ಮನೆ ಹುಡುಗಿ ಕಣಮ್ಮಾ? ಹೆಸರೇನು?" ಎಂದು ಕೇಳಿದಳು. ಗುಬ್ಬಿ ನನ್ನ ಕೈ ಬಿಟ್ಟಳು. ಅವಳ ಮುಖ ನೋಡಲಾಗದೆ ನಾನು ನೆಲ ನೋಡುತ್ತಿದ್ದೆ.

ಆಮೇಲೆ ಇವಳು ಮಡಚುವ ಬಟ್ಟೆಗೆ ವಾಪಸ್ಸಾದಳು. ಗುಬ್ಬಿಯ ಕಡೆ ಸರಿಯಾಗಿ ತಿರುಗಲೂ ಇಲ್ಲ.

"ಬಾಗಿಲು ಹಾಕ್ಕೊಂಡು ಬಾರೇ, ಬಟ್ಟೆಗೆಲ್ಲ ಧೂಳು ಬರ್ತಿದೆ" ಎಂದಳು.

ಮನೆಗೆ ಬಂದವರಿಗೆ ಯಾರಾದರೂ ಹಾಗೆ ಹೇಳುತ್ತಾರಾ, ಅಕ್ಕ? ಗುಬ್ಬಿ ಒಂದು ಕ್ಷಣ ನಿಂತಳು. ಆಮೇಲೆ ಓಡಿಹೋಗಿ ಬಾಗಿಲು ಹಾಕಿ, ತುದಿಗಾಲಲ್ಲಿ ನಿಂತು ಮೇಲಿನ ಚಿಲಕವನ್ನೂ ಭದ್ರವಾಗಿ ಹಾಕಿದಳು. ದೊಡ್ಡಮ್ಮ ಇನ್ನೂ ಹೊರಗೇ ಇದ್ದರು.

ನಿನ್ನ ತಮ್ಮ